ಹಗ್ಗ ಬೀಸುವವಳು

ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಒಂದು ಮೊಳೆಯಿದೆ. ಮಳೆಗಾಲದಲ್ಲಿ ಅದಕ್ಕೆ ಛತ್ರಿ, ಬೇಸಿಗೆಯಲ್ಲಿ ನನ್ನ ಟೋಪಿ. ಅಪ್ಪನ ಕಾಲದಿಂದಲೂ ಇದೇ ವ್ಯವಸ್ಥೆ. ಈಗ ಒಂದು ವರ್ಷದಿಂದ ಈ ಎರಡನ್ನೂ ಪಕ್ಕಕ್ಕೆ ತಳ್ಳಿ ಒಂದು ನೀಲಿ ಪ್ಲಾಸ್ಟಿಕ್ ಹಗ್ಗ ಆ ಮೊಳೆಯನ್ನು ಹಿಡಿದು ಕೂತಿದೆ. ಎರಡು ತುದಿಗೂ ಕಪ್ಪು ಹಿಡಿಕೆ ಇರುವ, ಶಾಲೆಯ ಹುಡುಗಿಯರು ಹಾರುತ್ತಾರಲ್ಲ, ಅಂಥ ಹಗ್ಗ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ. ಆಮೇಲೆ ನನ್ನನ್ನು ನೋಡುತ್ತಾರೆ. ಆಮೇಲೆ ನನ್ನ ಹೊಟ್ಟೆಯನ್ನು ನೋಡಿ, ಈ ಸಲ ಮೆಣಸಿನ ಫಸಲು ಹೇಗೆ ಎಂದು ಕೇಳುತ್ತಾರೆ.

ನಾನು ಗೋಣಿಬೀಡಿನ ಹತ್ತಿರ ಗೌಡ್ರೊಬ್ಬರ ಕಾಫಿ ತೋಟದಲ್ಲಿ ರೈಟರ್. ಹೊರಗಿನವರಿಗೆ ಹೀಗೆಂದರೆ ಏನು ಬರೆದಿದ್ದೀರಿ ಎಂದು ಕೇಳುತ್ತಾರೆ. ಆಳುಗಳ ಹಾಜರಿ ಬರೆದಿದ್ದೇನೆ, ಮತ್ತೇನಿಲ್ಲ. ಅಪ್ಪನೂ ಇದೇ ತೋಟದಲ್ಲಿ ಇದೇ ಕೆಲಸದಲ್ಲಿದ್ದ. ಹಾಗಾಗಿ ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ತೋಟದವರು ಕೊಟ್ಟ ಇದೇ ಮನೆಯಲ್ಲಿ ಹುಟ್ಟಿ, ಇದೇ ಕಣದಲ್ಲಿ ಅಂಬೆಗಾಲಿಟ್ಟು, ಐವತ್ತಾರನೆಯ ವಯಸ್ಸಿನಲ್ಲಿ ಇದೇ ಕಣದಲ್ಲಿ ಹಗ್ಗ ಹಾರಲು ಕಲಿಯುವ ಯೋಗ ನನಗೆ ಬಂತು. ಹುಡುಗನಾಗಿದ್ದಾಗ ಹಾರಿದವನಲ್ಲ. ಅದು ಹುಡುಗಿಯರ ಆಟ ಎಂದು ಜಗಲಿಯಲ್ಲಿ ಕೂತು ಮೂಗು ಮುರಿಯುತ್ತಿದ್ದೆ.

ಕಳೆದ ವರ್ಷ ಕುಯ್ಲು ಮುಗಿದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಮೂಟೆ ಕಟ್ಟಿಸುತ್ತಿದ್ದಾಗ ಎದೆಯಲ್ಲಿ ಹಿಡಿದುಕೊಂಡ ಹಾಗಾಗಿ ಮೂಟೆಯ ಮೇಲೇ ಕುಳಿತುಬಿಟ್ಟೆ. ನಮ್ಮ ಮೇಸ್ತ್ರಿ ಸೋಮಯ್ಯ ಬಾಯಿ ಬಡಿದುಕೊಂಡು ಜೀಪಿಗೆ ಹಾಕಿ ಮೂಡಿಗೆರೆಗೆ ಹೊತ್ತೊಯ್ದ. ಅಲ್ಲಿಯ ಡಾಕ್ಟರು ಬಯಲುಸೀಮೆಯಿಂದ ಹೊಸದಾಗಿ ಬಂದ ಹುಡುಗಿ. ಎದೆಗೆ ವೈರು ಹಚ್ಚಿ ನೋಡಿ, ರಕ್ತ ತೆಗೆದು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹಾರ್ಟು ಸದ್ಯಕ್ಕೆ ಸರಿ ಇದೆ. ಸಕ್ಕರೆ, ಬಿಪಿ ಎರಡೂ ಮೇಲಿದೆ. ಹಿಂಗೇ ಬಿಟ್ರೆ ಮುಂದಿನ ಸಲ ಜೀಪಲ್ಲಿ ಇಲ್ಲಿ ತನಕ ಬರಲ್ಲ ನೀವು. ದಿನಾ ಬೆಳಿಗ್ಗೆ ಬೇಗ ಎದ್ದು ನಡೀರಿ."

"ಎಲ್ಲಿ ನಡೀಲಿ ಡಾಕ್ಟ್ರೇ? ಆನೆ ಇದಾವಲ್ಲ."

ಅವರು ನಕ್ಕರು. ನಾನು ನಗದೆ ಇದ್ದುದನ್ನು ನೋಡಿ ನಿಲ್ಲಿಸಿದರು. ನಮ್ಮ ಕಡೆ ಬೆಳಗಾದರೆ ಮೊಬೈಲಿನಲ್ಲಿ ದೇವರ ಫೋಟೋಗಿಂತ ಮೊದಲು ಆನೆಯ ಸುದ್ದಿ ಬರುತ್ತದೆ. ಇಂಥ ತೋಟದಲ್ಲಿ ಮೂರಿವೆ, ಇಂಥ ಹಳ್ಳದಲ್ಲಿ ಒಂಟಿ ಸಲಗ ಇದೆ, ಆಳುಗಳನ್ನು ಬಿಸಿಲೇರಿದ ಮೇಲೆ ಕರೆಯಿರಿ. ಆ ಹಿಂದಿನ ವರ್ಷ ಪಕ್ಕದ ತೋಟದ ಹೆಂಗಸೊಬ್ಬಳು ಮೊದಲ ಬಸ್ಸಿಗೆಂದು ಹೊರಟವಳು ಬಸ್‌ಸ್ಟಾಪಿನ ತನಕ ಹೋಗಲೇ ಇಲ್ಲ. ತಿರುವಿನಲ್ಲಿ ಅವಳ ಬ್ಯಾಗು ಹಾಗೇ ನಿಂತಿತ್ತಂತೆ, ಯಾರೋ ಇಟ್ಟು ಹೋದ ಹಾಗೆ. ಅವತ್ತಿನಿಂದ ನಮ್ಮಲ್ಲಿ ಆರೋಗ್ಯಕ್ಕೆಂದು ಯಾರೂ ನಡೆಯುವುದಿಲ್ಲ. ಬೇರೆ ದಾರಿಯಿಲ್ಲದಾಗ ನಡೆಯುತ್ತೇವೆ, ಅದೂ ಬೇಗ ಬೇಗ.

"ಹಂಗಾದ್ರೆ ಸ್ಕಿಪ್ಪಿಂಗ್ ಮಾಡಿ" ಎಂದರು ಡಾಕ್ಟರು. "ಇದ್ದ ಜಾಗದಲ್ಲೇ ಆಗುತ್ತೆ. ನಿಧಾನಕ್ಕೆ ಶುರು ಮಾಡಿ, ಸುಸ್ತಾದ್ರೆ ನಿಲ್ಲಿಸಿ. ಮನೇಲಿ ಯಾರಿದಾರೆ?"

"ತಂಗಿ ಇದಾಳೆ. ಗಿರಿಜ."

"ಅವ್ರು ನೋಡ್ಕೋತಾರಲ್ಲ ನಿಮ್ಮನ್ನ?"

ಬಾಗಿಲ ಬಳಿ ನಿಂತಿದ್ದ ಸೋಮಯ್ಯ ಗಂಟಲು ಸರಿಮಾಡಿಕೊಂಡ. ನಾನು ಹೂಂ ಎಂದೆ. ಮೂಡಿಗೆರೆಯ ಫ್ಯಾನ್ಸಿ ಅಂಗಡಿಯವನು ನೀಲಿ ಹಗ್ಗ ಕೊಡುತ್ತ, "ಮೊಮ್ಮಗಳಿಗಾ?" ಎಂದು ಕೇಳಿದಾಗಲೂ ಹೂಂ ಎಂದೆ. ಅವತ್ತು ಸತ್ಯ ಹೇಳುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ.

ಗಿರಿಜೆ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಚಿಕ್ಕ ಕಣ್ಣು, ದುಂಡು ಮುಖ, ಮೊಂಡು ಬೆರಳು. ಹುಟ್ಟುವಾಗಲೇ ಹಾಗೆ. ಶಾಲೆಗೆ ಸೇರಿಸಿದ ಅಪ್ಪ ಒಂದು ವಾರಕ್ಕೆ ವಾಪಸು ಕರೆತಂದ. ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಅಕ್ಷರ ಹತ್ತಲಿಲ್ಲ, ಒಲೆಯ ಹತ್ತಿರ ಬಿಡುವ ಹಾಗಿರಲಿಲ್ಲ. ಅವಳಿಗೆ ಚೆನ್ನಾಗಿ ಬರುತ್ತಿದ್ದದ್ದು ಎರಡು ಕೆಲಸ. ಒಂದು, ಕಣದಲ್ಲಿ ಹರವಿದ ಕಾಫಿಯನ್ನು ಮರದ ಗೋರೆಯಿಂದ ಎಳೆಯುವುದು. ಅವಳು ಎಳೆದ ಸಾಲು ತಲೆ ಬಾಚಿದಷ್ಟು ನೇರವಾಗಿರುತ್ತಿತ್ತು. ಇನ್ನೊಂದು, ಹಗ್ಗ ಬೀಸುವುದು.

ಆ ಕಾಲದಲ್ಲಿ ಆಳುಗಳ ಸಾಲುಮನೆಗಳ, ಅಂದರೆ ಕೂಲಿ ಲೈನಿನ, ಹುಡುಗಿಯರೆಲ್ಲ ಸಂಜೆ ನಮ್ಮ ಕಣಕ್ಕೆ ಬರುತ್ತಿದ್ದರು. ಮೆಣಸು ಕೊಯ್ಯುವ ಏಣಿಯನ್ನು ಮರಕ್ಕೆ ಕಟ್ಟುವ ಉದ್ದನೆಯ ಹಗ್ಗ ತಂದು ಒಂದು ತುದಿಯನ್ನು ಕಣದ ಅಂಚಿನ ಸಿಲ್ವರ್ ಓಕ್ ಮರಕ್ಕೆ ಕಟ್ಟುವುದು, ಇನ್ನೊಂದು ತುದಿ ಗಿರಿಜೆಯ ಕೈಗೆ. ಅವಳನ್ನು ಹಾರಲು ಯಾರೂ ಕರೆಯುತ್ತಿರಲಿಲ್ಲ. ಒಂದೆರಡು ಸಲ ಹಾರಲು ನೋಡಿದ್ದಳು. ಹಗ್ಗ ಬಂದು ಕಾಲಿಗೆ ಬಡಿದ ಮೇಲೆ ಇವಳು ಹಾರುತ್ತಿದ್ದಳು. ತಾನೇ ನಕ್ಕು, ತಾನೇ "ಔಟು" ಎಂದು ಹೇಳಿ, ಮತ್ತೆ ತನ್ನ ತುದಿ ಹಿಡಿದಳು. ಆದರೆ ಬೀಸುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಬೇರೆ ಹುಡುಗಿಯರು ಬೀಸಿದರೆ ಒಮ್ಮೆ ಜೋರು, ಒಮ್ಮೆ ನಿಧಾನ. ಇವಳದು ಒಂದೇ ಲಯ. ಹಗ್ಗ ಮೇಲೆ ಹೋದಾಗ "ಬಾ" ಎಂದು ಕೂಗುವಳು, ಆಗ ಒಳಗೆ ನುಗ್ಗಬೇಕು.

ಹುಡುಗಿಯರ ಆಟ ಎಂದ ಮೇಲೆ ಜಗಳ ಇಲ್ಲದೆ ಇರುತ್ತದೆಯೇ? ಕಾಲಿಗೆ ತಾಗಿತು, ತಾಗಲಿಲ್ಲ, ಲಂಗಕ್ಕೆ ತಾಗಿದ್ದು ಲೆಕ್ಕವಲ್ಲ. ಕೊನೆಗೆ ಅವರವರೇ ಒಂದು ನಿಯಮ ಮಾಡಿಕೊಂಡರು. ಗಿರಿಜೆ ಔಟು ಅನ್ನುವವರೆಗೆ ಯಾರೂ ಔಟಲ್ಲ. ಹಗ್ಗ ಕಾಲಿಗೆ ಸುತ್ತಿಕೊಂಡು ಬಿದ್ದರೂ ಸರಿ, ಅವಳ ಬಾಯಿಂದ ಬರುವ ತನಕ ಆಡುತ್ತಲೇ ಇರಬೇಕು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವಳಿಗೋ ಆ ಒಂದು ಮಾತು ಹೇಳುವುದೆಂದರೆ ಬೆಲ್ಲ ತಿಂದಷ್ಟು ಖುಷಿ. ಕತ್ತಲಾಗುತ್ತಾ ಬಂದು ಹುಡುಗಿಯರೆಲ್ಲ ಲೈನಿಗೆ ಓಡಿದ ಮೇಲೂ ಅವಳು ಖಾಲಿ ಹಗ್ಗ ಬೀಸುತ್ತಾ ನಿಂತಿರುತ್ತಿದ್ದಳು. ಅಮ್ಮ ಬಂದು ಕೈಯಿಂದ ಬಿಡಿಸಿ ಕರೆದುಕೊಂಡು ಹೋಗಬೇಕಿತ್ತು.

ಅಮ್ಮನ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಅಮ್ಮ ಸಂಜೆ ದೀಪ ಹಚ್ಚಿ ಕಣ್ಣು ಮುಚ್ಚಿ ಏನೋ ಪಿಸುಗುಟ್ಟುತ್ತಿದ್ದಳು. ಶ್ಲೋಕ ಎಂದುಕೊಂಡಿದ್ದೆ. ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಹಿಂದೆಯೇ ನಿಂತಿದ್ದೆ, ಕೇಳಿಸಿತು. "ನನಗಿಂತ ಮುಂಚೆ ಇವ್ಳನ್ನ ಕರ್ಕೋ ತಾಯಿ. ಒಂದೇ ಒಂದು ದಿನ ಮುಂಚೆ." ನನಗೆ ಮೈ ಉರಿದುಹೋಯಿತು. ಹೆತ್ತ ಮಗಳ ಸಾವು ಬೇಡುವ ಇವಳೂ ಒಬ್ಬ ತಾಯಿಯೇ ಎಂದು ಎಷ್ಟೋ ದಿನ ಮುಖ ಕೊಟ್ಟು ಮಾತಾಡಲಿಲ್ಲ. 

ದೇವರು ಅಮ್ಮನ ಮಾತು ಕೇಳಲಿಲ್ಲ. ಅಪ್ಪ ಹೋಗಿ, ಆಮೇಲೆ ಅಮ್ಮನೂ ಹೋದಳು. ಹೆಣವನ್ನು ಕಣದಲ್ಲಿ ಮಲಗಿಸಿದ್ದೆವು. ಊರವರು ಸುತ್ತ ನಿಂತಿದ್ದರು. ಗಿರಿಜೆ ಬಂದು ಬಹಳ ಹೊತ್ತು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಅಮ್ಮ ಔಟು" ಎಂದಳು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಾರೋ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಎಂದರು. ನಾನು ಬೇಡ ಎಂದೆ. ಅವತ್ತು ಬಂದ ಅಷ್ಟು ಜನರಲ್ಲಿ ವಿಷಯ ಸರಿಯಾಗಿ ಹೇಳಿದವಳು ಅವಳೊಬ್ಬಳೇ.

ಆಮೇಲೆ ಮನೆಯಲ್ಲಿ ನಾವಿಬ್ಬರೇ. ನನಗೆ ಹೆಣ್ಣು ಕೊಡಲೆಂದು ಒಂದೆರಡು ಕಡೆಯವರು ಬಂದರು. ಗಿರಿಜೆ ಜಗಲಿಯಲ್ಲಿ ಅವರ ಪಕ್ಕದಲ್ಲೇ ಕೂತು ಅವರ ಲೋಟದಿಂದಲೇ ಕಾಫಿ ಕುಡಿದಳು. ಅವರು ಫೋನ್ ಮಾಡಿ ಹೇಳುತ್ತೇವೆ ಎಂದು ಎದ್ದರು. ಫೋನು ಇನ್ನೂ ಬರಬೇಕಾಗಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಒಂದು ತರಹದ ಸಮಾಧಾನವೇ ಆಯಿತು.

ಮೂಡಿಗೆರೆಯಿಂದ ಜೀಪಿನಲ್ಲಿ ವಾಪಸು ಬರುವಾಗ ಹಗ್ಗದ ಪೊಟ್ಟಣ ತೊಡೆಯ ಮೇಲಿತ್ತು. ನಾನು ಸತ್ತರೆ ಗಿರಿಜೆಗೆ ಯಾರು? ಸೋಮಯ್ಯನ ಹೆಂಡತಿ ನಾಲ್ಕು ದಿನ ಅನ್ನ ಹಾಕಿಯಾಳು. ಚಿಕ್ಕಮಗಳೂರಿನಲ್ಲಿ ಇಂಥವರನ್ನು ಇಟ್ಟುಕೊಳ್ಳುವ ಒಂದು ಮನೆಯನ್ನು ಹಿಂದೊಮ್ಮೆ ನೋಡಿಬಂದಿದ್ದೆ. ಉದ್ದನೆಯ ಕೋಣೆ, ಸಾಲು ಮಂಚ, ಎಲ್ಲರಿಗೂ ಒಂದೇ ಬಣ್ಣದ ನೈಟಿ. ಕೆಟ್ಟದಾಗಿ ನೋಡಿಕೊಳ್ಳುತ್ತಾರೆ ಎಂದು ನಾನು ಹೇಳಲಾರೆ. ಆದರೆ ಕಿಟಕಿಯ ಪಕ್ಕದ ಹೆಂಗಸೊಬ್ಬಳು ಬಂದು ನನ್ನ ಅಂಗಿಯ ತುದಿ ಹಿಡಿದವಳು ಬಿಡಲೇ ಇಲ್ಲ. ಇಬ್ಬರು ಬಂದು ಬೆರಳು ಬಿಡಿಸಬೇಕಾಯಿತು. ಹಾಗಾಗಿ ಆ ಜೀಪಿನಲ್ಲಿ, ದೇವಸ್ಥಾನದ ಮುಂದೆಯೂ ಕೈ ಮುಗಿಯಲು ಸೋಮಾರಿಯಾದ ನಾನು, ಅಮ್ಮನ ಅದೇ ಮಾತನ್ನು ಅದೇ ಶಬ್ದಗಳಲ್ಲಿ ಹೇಳಿಕೊಂಡೆ. ನನಗಿಂತ ಒಂದು ದಿನ ಮುಂಚೆ ಇವಳನ್ನು ಕರೆದುಕೋ. ಆ ಒಂದು ದಿನದ ಸಲುವಾಗಿ ನಾನು ಹಗ್ಗ ಹಾರಬೇಕಿತ್ತು.

ಹಾರಿದೆ. ಹಾರಿದೆ ಎನ್ನುವುದು ನನ್ನ ಮಾತು. ನೋಡಿದವರ ಮಾತು ಬೇರೆ. ಮೊಬೈಲಿನಲ್ಲಿ ಒಬ್ಬ ಹುಡುಗ ಮೊಣಕೈ ಮೈಗೆ ಅಂಟಿಸಿ, ಮಣಿಕಟ್ಟು ಮಾತ್ರ ತಿರುಗಿಸಿ, ಒಂದು ಬೆರಳಿನಷ್ಟು ಎತ್ತರಕ್ಕೆ ಹಾರಿದರೆ ಸಾಕು ಎಂದು ಹೇಳಿಕೊಟ್ಟ. ನಾನು ಎರಡೂ ಕೈಯನ್ನು ಗರುಡನ ಹಾಗೆ ಅಗಲಿಸಿ, ಶಕ್ತಿಯೆಲ್ಲ ಒಟ್ಟುಗೂಡಿಸಿ ಹಾರುತ್ತಿದ್ದೆ. ನಾನು ನೆಲಕ್ಕೆ ಬಂದ ಸ್ವಲ್ಪ ಹೊತ್ತಿನ ಮೇಲೆ ನನ್ನ ಹೊಟ್ಟೆ ಬರುತ್ತಿತ್ತು. ಅಷ್ಟರಲ್ಲಿ ಹಗ್ಗ ಬಂದು ಹೆಬ್ಬೆರಳಿಗೆ ಬಡಿಯುತ್ತಿತ್ತು. ಕೈ ನೆನಪಾದರೆ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಕೈ. ಮೀನಖಂಡ ಕಲ್ಲಾಗಿ, ಮಾರನೆಯ ದಿನ ಕಕ್ಕಸಿನಿಂದ ಏಳಲು ಬಾಗಿಲು ಹಿಡಿಯಬೇಕಾಯಿತು. ಸೋಮಯ್ಯ ಕಾಫಿ ಗಿಡದ ಮರೆಯಲ್ಲಿ ನಿಂತು ನೋಡಿ, "ರೈಟ್ರೇ, ಹಿಂಗೆ ಹಾರಿದ್ರೆ ಕಣ ಬಿರುಕು ಬಿಡ್ತದೆ. ಗೌಡ್ರು ನಿಮ್ ಸಂಬಳದಲ್ಲಿ ಹಿಡೀತಾರೆ" ಎಂದ.

ಗಿರಿಜೆ ಕಣದ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ಪ್ರತಿ ಸಲ ಹಗ್ಗ ಕಾಲಿಗೆ ಸಿಕ್ಕಾಗಲೂ ಬಾಯಿ ತುಂಬ "ಔಟು!" ಎನ್ನುವಳು. ನಾಲ್ಕೈದು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಉಗ್ರಾಣದಿಂದ ಏಣಿಯ ಹಗ್ಗ ಎಳೆದು ತಂದು, ಆ ಹಳೆಯ ಸಿಲ್ವರ್ ಓಕ್‌ನ ಬುಡದಲ್ಲಿ ನಿಂತಿದ್ದಳು. ಗಂಟು ಹಾಕಲು ಅವಳಿಗೆ ಬರುವುದಿಲ್ಲ. ಹಗ್ಗದ ತುದಿಯನ್ನು ನನ್ನ ಕಡೆ ಚಾಚಿ, "ಅಣ್ಣ, ಕಟ್ಟು" ಎಂದಳು.

ಕಟ್ಟಿದೆ. ಅವಳು ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಸರಿದಳು. ಹಗ್ಗ ಮೇಲೆದ್ದಿತು. ಅದೇ ಲಯ, ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲ. "ಅಣ್ಣ ಬಾ" ಎಂದಳು. ನಾನು ಕಣ್ಣು ಮುಚ್ಚಿ ನುಗ್ಗಿದೆ. ಹಾರಿದೆ, ಮತ್ತೊಮ್ಮೆ ಹಾರಿದೆ, ಇನ್ನೂ ಹಾರಿದೆ. ಕೈಯ ಚಿಂತೆ ಇಲ್ಲವಾದ್ದರಿಂದ ಕಾಲು ತನ್ನ ಪಾಡಿಗೆ ಕೆಲಸ ಮಾಡಿತು. ಏದುಸಿರು ಬಂದು ನಿಂತಾಗ ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ. ನೀಲಿ ಹಗ್ಗವನ್ನು ಅವತ್ತೇ ಜಗಲಿಯ ಮೊಳೆಗೆ ನೇತುಹಾಕಿದೆ.

ಬೇಸಿಗೆಯೆಲ್ಲ ಕಣದಲ್ಲಿ, ಮಳೆ ಹಿಡಿದ ಮೇಲೆ ಖಾಲಿ ಗೋಡೌನಿನಲ್ಲಿ, ಗೋಣಿಚೀಲದ ವಾಸನೆಯ ನಡುವೆ ನಮ್ಮ ವ್ಯಾಯಾಮ ಸಾಗಿತು. ಮೂಡಿಗೆರೆಯ ಡಾಕ್ಟರು ರಕ್ತದ ರಿಪೋರ್ಟು ನೋಡಿ, "ಪರವಾಗಿಲ್ವೇ!" ಎಂದು ಬೆನ್ನು ತಟ್ಟಿದರು. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಹೊಡೆಸಿದೆ. ಸೋಮಯ್ಯನಿಗೆ ಅದನ್ನು ತೋರಿಸಿ ತೋರಿಸಿ ಅವನ ಪ್ರಾಣ ತಿಂದೆ.

ಗೋಡೌನಿನಲ್ಲಿದ್ದಾಗಲೇ ಒಂದೊಂದು ದಿನ ಗಿರಿಜೆ ಬೀಸುವುದನ್ನು ನಡುವೆ ನಿಲ್ಲಿಸಿಬಿಡುತ್ತಿದ್ದಳು. ಹಗ್ಗ ಸತ್ತ ಹಾವಿನಂತೆ ನೆಲದಲ್ಲಿ ಬಿದ್ದಿರುತ್ತಿತ್ತು. ನಾನು ಅದರ ಪಕ್ಕದಲ್ಲಿ ಒಂದೆರಡು ಸಲ ವೃಥಾ ಹಾರಿ, "ಎಂತ ಗಿರಿಜ, ನಿದ್ದೆಯಾ?" ಎಂದರೆ ಮತ್ತೆ ಶುರು. ತುಂಟತನ ಎಂದುಕೊಂಡೆ. ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದಳು, ಮೊದಲಿಂದ ಅವಳಿಗೆ ಚಪ್ಪಲಿಯ ಗೊಂದಲ ಇದ್ದೇ ಇತ್ತು. ಹೀಗೆ ಎಲ್ಲಕ್ಕೂ ಒಂದು ಕಾರಣ ನನ್ನ ಹತ್ತಿರ ಇರುತ್ತಿತ್ತು.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಒಂಟಿ ಸಲಗ ನಮ್ಮ ಕಣಕ್ಕೇ ಬಂತು. ನಾನು ಒಳಗೆ ಹಲ್ಲುಜ್ಜುತ್ತಿದ್ದೆ. ಗಿರಿಜೆ ಎಂದಿನಂತೆ ಕಟ್ಟೆಯ ಮೇಲೆ ಕೂತಿದ್ದಳು. ಆನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿಯಿಂದ ನಿಧಾನವಾಗಿ ನೀರು ಕುಡಿಯಿತು. ಲೈನಿನ ಕಡೆಯಿಂದ ಸೋಮಯ್ಯ ನೋಡಿದ್ದಾನೆ, ಕೂಗುವ ಹಾಗಿಲ್ಲ, ಓಡಿ ಬರುವ ಹಾಗಿಲ್ಲ. ಅವಳು ಅಲ್ಲಾಡಲಿಲ್ಲ. ಆನೆ ನೀರು ಕುಡಿದು, ಕಣವನ್ನು ಅಡ್ಡ ದಾಟಿ, ಕೆಳಗಿನ ಹಳ್ಳಕ್ಕೆ ಇಳಿದು ಹೋಯಿತು. ಗಿರಿಜೆ ಒಳಗೆ ಬಂದು ಕಾಫಿ ಕೇಳಿದಳು. ಕುಡಿದಳು. ಲೋಟ ಇಟ್ಟು, ಕಾಫಿ ಕೊಡು ಎಂದಳು. ಮತ್ತೆ ಕೊಟ್ಟೆ. ಅದನ್ನು ಕುಡಿದು ಲೋಟ ಇಟ್ಟು, ಇವತ್ತು ಕಾಫಿ ಕೊಟ್ಟೇ ಇಲ್ಲ ಎಂದು ಅತ್ತಳು.

"ಬೆದರಿದಾಳೆ ರೈಟ್ರೇ" ಎಂದ ಸೋಮಯ್ಯ. "ಇದು ಆನೆ ಬೆದರು."

ಇದನ್ನು ನಿಮಗೆ ಸ್ವಲ್ಪ ವಿವರಿಸಬೇಕು. ಆನೆಗಳು ಬಂದ ಮೇಲೆ ನಮ್ಮ ಕಡೆ ಮನುಷ್ಯನಿಗೆ, ಜಾನುವಾರಿಗೆ ಏನೇ ಹೆಚ್ಚುಕಮ್ಮಿಯಾದರೂ ಅದು ಆನೆ ಬೆದರು. ಹಸು ಹಾಲು ಕೊಡದಿದ್ದರೆ ಆನೆ ಬೆದರು. ಹುಡುಗ ಪರೀಕ್ಷೆಯಲ್ಲಿ ಫೇಲಾದರೆ ಆನೆ ಬೆದರು. ಸೋಮಯ್ಯ ಸ್ವಂತ ಕುಡಿತಕ್ಕೂ ಅದನ್ನೇ ಹೇಳುತ್ತಾನೆ, ಅವನ ಹೆಂಡತಿ ಮಾತ್ರ ಒಪ್ಪುವುದಿಲ್ಲ. ಬೆದರು ಎಂದರೆ ಹೊರಗಿನಿಂದ ಬಂದದ್ದು, ತೆಗೆದರೆ ಹೋಗುವಂಥದ್ದು. ನಾನು ಓದಿಕೊಂಡವನು, ಇದನ್ನೆಲ್ಲ ಗೇಲಿ ಮಾಡುತ್ತಿದ್ದವನು, ಆ ಮಾತನ್ನು ಎರಡು ಕೈಯಿಂದಲೂ ಹಿಡಿದುಕೊಂಡೆ. ಮಳೆಗಾಲದ ಆ ಚಪ್ಪಲಿ, ಆ ನಿಂತ ಹಗ್ಗ, ಅವೆಲ್ಲ ಆನೆ ಬರುವುದಕ್ಕೆ ಮೊದಲಿನವು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಸೋಮಯ್ಯನಿಗೆ ಹೇಳಲಿಲ್ಲ. ನನಗೆ ನಾನೂ ಹೇಳಿಕೊಳ್ಳಲಿಲ್ಲ.

ಸಂಸೆಯಲ್ಲಿ ಚಿನ್ನಮ್ಮ ಎಂಬ ಮುದುಕಿ ಬೆದರು ತೆಗೆಯುತ್ತಾಳೆ ಎಂದರು. ಗಿರಿಜೆಗೆ ಹೊಸ ಸೀರೆ ಉಡಿಸಿಕೊಂಡು ಹೊರಟೆ. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದೆವು. ಕಳಸದ ಬಸ್ಸಿನ ತಿರುವುಗಳಲ್ಲಿ ಅವಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕಳಸದಿಂದ ಸಂಸೆಗೆ ಜೀಪು. ಚಿನ್ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದವಳು ಕೈ ತೊಳೆದು ಬಂದಳು.

"ಎಷ್ಟು ದೂರ ನಿಂತಿತ್ತು ಅದು?"

"ಈ ಅಂಗಳದಷ್ಟು."

"ಕೊಂಬಿತ್ತಾ?"

"ಇತ್ತಂತೆ."

"ಗಂಡಾನೆ ಬೆದರು ಸ್ವಲ್ಪ ಗಟ್ಟಿ ಮಾರಾಯ್ರೇ. ಆದ್ರೂ ಹೋಗ್ತದೆ. ನೀವು ಹೆದರ್ಬೇಡಿ."

ಮೆಣಸಿನಕಾಯಿ ಸುಟ್ಟಳು, ಕರಿ ನೂಲು ಕಟ್ಟಿದಳು, ಹಣೆಗೆ ಬೂದಿ ಹಚ್ಚಿದಳು. ಮೂರು ಮಂಗಳವಾರ ಕಳೆದರೆ ಮೊದಲಿನ ಹಾಗೆ ಆಗುತ್ತಾಳೆ ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಮುದುಕಿಯ ಕಾಲಿಗೆ ಬಿದ್ದೆ. ವಾಪಸು ಬಸ್ಸಿನಲ್ಲಿ ಗಿರಿಜೆಗೆ ಕಿಟಕಿಯ ಸೀಟು ಕೊಟ್ಟೆ. ಹೊರಗೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿ, ಚಿಂತೆಯಿಂದ ಕೇಳಿದಳು.

"ಅಣ್ಣ, ಅಮ್ಮಂಗೆ ಹೇಳಿ ಬಂದಿದೀಯಾ?"

ಹೊರಗೆ ಕಾಫಿ ತೋಟ ಹಿಂದೆ ಹಿಂದೆ ಓಡುತ್ತಿತ್ತು. ಅಮ್ಮ ಔಟು ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದವಳು ಇವಳೇ. ನಾನು, "ಹೂಂ, ಹೇಳಿದೀನಿ" ಎಂದೆ. ಆನೆ ಬೆದರು ಅಲ್ಲ ಎಂದು ನನಗೆ ಅಲ್ಲಿಯೇ ತಿಳಿಯಿತು. ಆದರೂ ಮೂರು ಮಂಗಳವಾರ ಕಾದೆ.

ಆಮೇಲೆ ಮೂಡಿಗೆರೆ, ಅಲ್ಲಿಂದ ಸ್ಕ್ಯಾನಿಂಗಿಗೆ ಚಿಕ್ಕಮಗಳೂರು, ಮತ್ತೆ ಮೂಡಿಗೆರೆ. ಡಾಕ್ಟರು ಗಿರಿಜೆಯನ್ನು ಪಕ್ಕದ ಕೋಣೆಯಲ್ಲಿ ನರ್ಸಿನ ಜೊತೆ ಕೂರಿಸಿದರು.

"ಇವ್ರಿಗೆ ಡೌನ್ ಸಿಂಡ್ರೋಮ್ ಅಂತ ನಿಮಗೆ ಗೊತ್ತಿತ್ತಲ್ಲ?"

ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಐವತ್ತು ವರ್ಷ ನಮಗೆ ಅವಳು ಗಿರಿಜೆ, ಅಷ್ಟೇ. ಇಂಥವರಿಗೆ ಮುಪ್ಪು ನಮಗಿಂತ ಬೇಗ ಬರುತ್ತದಂತೆ, ಮರೆವೂ ಬೇಗ. ಇನ್ನು ಒಂದೊಂದೇ ಮರೆಯುತ್ತಾ ಹೋಗುತ್ತಾಳೆ. ಮಾತು, ನಡಿಗೆ, ಕೊನೆಗೆ ನುಂಗುವುದು ಕೂಡ.

"ಎಷ್ಟು ವರ್ಷ ಡಾಕ್ಟ್ರೇ?"

ಅವರು ನನ್ನ ಕೈ ಹಿಡಿದುಕೊಂಡರು. "ನಿಮ್ಮ ರಿಪೋರ್ಟು ಚೆನ್ನಾಗಿದೆ. ನೀವು ಇರ್ತೀರಿ ಅವ್ರ ಜೊತೆ, ಕೊನೇ ತನಕ. ಅದೊಂದು ಧೈರ್ಯ ಇಟ್ಕೊಳ್ಳಿ."

ಧೈರ್ಯ ಹೇಳಲೆಂದೇ ಅವರು ಆಡಿದ ಮಾತು. ಆದರೆ ಅವತ್ತು ಜೀಪಿನಲ್ಲಿ ಕೂತು ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಅಮ್ಮ ಬದುಕಿಡೀ ಬೇಡಿ ಸಿಗದದ್ದು ನನಗೆ ಸಿಕ್ಕಿತ್ತು. ಬೆಲ್ಟಿನ ಹೊಸ ತೂತು, ಇಳಿದ ಸಕ್ಕರೆ, ಎಲ್ಲ ಆ ಒಂದು ದಿನಕ್ಕಾಗಿಯೇ ಕೂಡಿಹಾಕಿದ್ದು. ಕೊಡು ಎಂದು ಕೇಳಿದವನಿಗೆ ಈಗ ಬೇಡ ಎಂದು ಹೇಳುವ ಬಾಯಿ ಇರಲಿಲ್ಲ. ಇದ್ದಿದ್ದರೂ ಏನೆಂದು ಹೇಳಲಿ? ಅವಳನ್ನು ಬಿಟ್ಟು ನನ್ನನ್ನು ಕರೆದುಕೋ ಎನ್ನಲೇ? ಹಾಗಂದರೆ ಆ ಉದ್ದನೆಯ ಕೋಣೆ. ಎರಡರಲ್ಲಿ ಯಾವುದನ್ನೂ ಬೇಡಲಾರದೆ ಈಗ ನಾನು ದೀಪದ ಮುಂದೆ ಸುಮ್ಮನೆ ನಿಲ್ಲುತ್ತೇನೆ.

ಈ ಸಲದ ಕುಯ್ಲಿನಲ್ಲೂ ಅವಳ ಕೈಗೆ ಗೋರೆ ಕೊಟ್ಟೆ. ಬೇಡ ಎಂದು ಹೇಗೆ ಹೇಳುವುದು? ಸಾಲುಗಳು ಸೊಟ್ಟಗಾದವು, ಒಂದರ ಮೇಲೊಂದು ಹತ್ತಿದವು. ಸೋಮಯ್ಯ ಅವಳು ಊಟಕ್ಕೆ ಹೋದಾಗ ಯಾರಿಗೂ ಹೇಳದೆ ಸರಿಮಾಡಿಡುತ್ತಿದ್ದ. ಒಂದು ಮಧ್ಯಾಹ್ನ ನಾನು ಆಫೀಸಿನಿಂದ ಬಂದಾಗ ಕಣದ ತುಂಬ ಪಾರ್ಚ್‌ಮೆಂಟು ಹರವಿತ್ತು, ನಟ್ಟ ನಡುವೆ ಗಿರಿಜೆ ಗೋರೆ ಹಿಡಿದು ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಣ್ಣ, ದಾರಿ ಇಲ್ಲ" ಎಂದಳು.

ಪಾರ್ಚ್‌ಮೆಂಟಿನ ಮೇಲೆ ಚಪ್ಪಲಿ ಕಾಲಿನಲ್ಲಿ ನಡೆಯಬಾರದು, ಸಿಪ್ಪೆ ಒಡೆದು ಬೀಜ ಹಾಳಾಗುತ್ತದೆ. ಈ ತೋಟದಲ್ಲಿ ಎಲ್ಲರಿಗೂ ಮೊದಲು ಕಲಿಸುವ ಪಾಠ ಅದು. ಗೌಡ್ರ ಮೊಮ್ಮಕ್ಕಳು ತುಳಿದರೂ ಸೋಮಯ್ಯ ಗದರುತ್ತಾನೆ. ನಾನು ಚಪ್ಪಲಿ ಕಾಲಿನಲ್ಲೇ ಚರಚರ ತುಳಿದುಕೊಂಡು ಹೋಗಿ ಅವಳ ಕೈ ಹಿಡಿದು ಹೊರಗೆ ಕರೆತಂದೆ. ಸೋಮಯ್ಯ ನೋಡಿ, ಮುಖ ಆಚೆ ತಿರುಗಿಸಿಕೊಂಡ.

ಈಗ ಕಾಫಿ ಎಲ್ಲ ಮೂಟೆಯಾಗಿ ಹೋಗಿದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂಬಿಟ್ಟಿದೆ. ಕಣ ಖಾಲಿ. ಇವತ್ತು ಬೆಳಿಗ್ಗೆ ಬಹಳ ದಿನಗಳ ಮೇಲೆ ಏಣಿಯ ಹಗ್ಗ ತಂದು ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಅವಳ ಕೈಯಲ್ಲಿಟ್ಟೆ.

"ಬೀಸು ಗಿರಿಜ."

ಅವಳು ಹಗ್ಗವನ್ನು ನೋಡಿದಳು. ಮೂಸಿದಳು. ಮೆಲ್ಲಗೆ ಮಣಿಕಟ್ಟಿಗೆ ಬಳೆಯ ಹಾಗೆ ಸುತ್ತಿಕೊಳ್ಳತೊಡಗಿದಳು. ನಾನು ಅವಳ ಕೈ ಹಿಡಿದು ಒಂದೆರಡು ಸುತ್ತು ಬೀಸಿ ತೋರಿಸಿದೆ. ಕೈ ಬಿಟ್ಟೊಡನೆ ಹಗ್ಗ ಬಿತ್ತು. ಅವಳನ್ನು ಕಟ್ಟೆಯ ಮೇಲೆ ಗೋಣಿ ಹಾಸಿ ಕೂರಿಸಿ, ಜಗಲಿಗೆ ಹೋಗಿ ಮೊಳೆಯಿಂದ ನೀಲಿ ಹಗ್ಗ ತೆಗೆದುಕೊಂಡು ಬಂದೆ. ಬೇರೆ ಏನು ಮಾಡುವುದೆಂದು ನನಗೆ ತೋಚಲಿಲ್ಲ.

ಹಾರಿದೆ. ಮೊಣಕೈ ಮೈಗೆ ಅಂಟಿತ್ತು. ಮಣಿಕಟ್ಟು ತಾನಾಗಿ ತಿರುಗುತ್ತಿತ್ತು. ತಿಂಗಳುಗಟ್ಟಲೆ ಅವಳು ಬೀಸಿದ ಲಯ ನನ್ನ ಕಾಲಿಗೆ ಇಳಿದಿದೆಯೆಂದು ಆಗಲೇ ತಿಳಿದದ್ದು. ಹಗ್ಗ ಎಲ್ಲಿಯೂ ತಾಗಲಿಲ್ಲ. ಉಸಿರು ಕೂಡ ಹತ್ತಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಸೋಮಯ್ಯ ನಿಂತು, "ಕಲ್ತೇಬಿಟ್ರಲ್ಲ ರೈಟ್ರೇ, ಒಬ್ರೇ!" ಎಂದು ಕೂಗಿದ. ಆಮೇಲೆ ಕಟ್ಟೆಯ ಕಡೆ ನೋಡಿ, ತಲೆ ತಗ್ಗಿಸಿಕೊಂಡು ಹೊರಟುಹೋದ.

ನಾನು ಬೇಕೆಂದೇ ಕಾಲು ಅಡ್ಡ ಇಟ್ಟೆ. ಹಗ್ಗ ಬಂದು ಹಿಮ್ಮಡಿಗೆ ಬಡಿದು ನಿಂತಿತು. ಅದನ್ನು ಹಾಗೇ ಕಾಲಿಗೆ ಸಿಕ್ಕಿಸಿಕೊಂಡು ಗಿರಿಜೆಯ ಕಡೆ ತಿರುಗಿ ನಿಂತೆ, ಅವಳಿಗೆ ಚೆನ್ನಾಗಿ ಕಾಣಲಿ ಎಂದು. ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ನಾನು ಕಾದೆ. ಬಹಳ ಹೊತ್ತು ಕಾದೆ.

ಅವಳು ಔಟು ಅನ್ನಲಿಲ್ಲ. ಅವಳು ಅನ್ನುವವರೆಗೆ ಆಡುತ್ತಲೇ ಇರಬೇಕು. ನಾನು ಕಾಲಿನಿಂದ ಹಗ್ಗ ಬಿಡಿಸಿಕೊಂಡು ಮತ್ತೆ ಹಾರತೊಡಗಿದೆ.